ಸೊಂಟದಲ್ಲೊಂದು ಸಣ್ಣ ಪಿಸ್ತೂಲ್: ತಗೊಳ್ಳೋ ಮೊದಲು ಹಾಕಬೇಕಾದ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಹೊನ್ನೂರಿಂದ ಮಾತಾಡ್ತಾ ಇದ್ದೀನಿ. ಸಾಮಾನ್ಯವಾಗಿ ನಾವು ಇಲ್ಲಿ ಸಾಲ, ವಿಮೆ, ಜಿಎಸ್‌ಟಿ ಅಂತ ಮಾತಾಡೋರು. ಇವತ್ತಿನ ವಿಷಯ ಸ್ವಲ್ಪ ಬೇರೆ. ಆದರೆ ಕೊನೆಗೆ ಇದೂ ಲೆಕ್ಕದ ವಿಷಯವೇ ಅಂತ ನಿಮಗೇ ಗೊತ್ತಾಗುತ್ತೆ.

ನಮ್ಮ ಸೋದರಮಾವ ಕೊಳ್ಳೇಗಾಲದಲ್ಲಿ ದಿನಸಿ ಸಗಟು ವ್ಯಾಪಾರ ಮಾಡ್ತಾರೆ. ರಾತ್ರಿ ಒಂಬತ್ತಕ್ಕೆ ಶಟರ್ ಎಳೆದು, ದಿನದ ಕಲೆಕ್ಷನ್ನನ್ನು ಬ್ಯಾಗಿಗೆ ಹಾಕ್ಕೊಂಡು ಸ್ಕೂಟರಲ್ಲಿ ಊರಿಗೆ ಬರ್ತಾರೆ. ಹೋದ ತಿಂಗಳು ಒಂದಿನ ಎರಡು ಬೈಕು ಹಿಂದೆಯೇ ಬಂದಿವೆ. ಇವರು ಟೀ ಅಂಗಡಿ ಹತ್ತಿರ ನಿಲ್ಲಿಸಿದರೆ ಅವರೂ ನಿಂತರಂತೆ. ಏನೂ ಆಗಲಿಲ್ಲ, ಜನ ಇದ್ದಿದ್ದರಿಂದ ಬೈಕಿನವರು ಮುಂದೆ ಹೋದರು. ಆದರೆ ಮಾವನಿಗೆ ಅವತ್ತಿಂದ ನಿದ್ದೆ ಇಲ್ಲ. ಮಾರನೇ ದಿನವೇ ಮನೆಗೆ ಬಂದು ಕೇಳಿದರು: "ಲೋ ಅಳಿಯ, ನೀನು ಇಂಟರ್ನೆಟ್ಟಲ್ಲೇ ಇರ್ತೀಯಲ್ಲ, ಸೊಂಟಕ್ಕೆ ಇಟ್ಕಳಕ್ಕೆ ಒಂದು ಸಣ್ಣ ಪಿಸ್ತೂಲ್, ಯಾವ್ದು ಚೆಂದಾಗದ ನೋಡು."

ನೋಡಿದೆ. ನೋಡಿದ್ದನ್ನೆಲ್ಲ ಅವರಿಗೆ ಹೇಳಿದ ಹಾಗೇ ನಿಮಗೂ ಹೇಳ್ತೀನಿ.

ಮೊದಲು ಕಾಗದ, ಆಮೇಲೆ ಕಬ್ಬಿಣ

ಯೂಟ್ಯೂಬಲ್ಲಿ ಈ ವಿಷಯ ಹುಡುಕಿದರೆ ಬರೋದೆಲ್ಲ ಅಮೆರಿಕದ ವಿಡಿಯೋ. ಅಲ್ಲಿ 9 ಎಂ.ಎಂ. ಪಿಸ್ತೂಲುಗಳದೇ ರಾಜ್ಯ. ನಮ್ಮಲ್ಲಿ ಸರ್ವಿಸ್ 9 ಎಂ.ಎಂ. ಗುಂಡು ಹಾಕೋ ಪಿಸ್ತೂಲ್ ನಿಷೇಧಿತ ಬೋರ್ ಪಟ್ಟಿಯಲ್ಲಿದೆ, ಸಾಮಾನ್ಯ ಜನಕ್ಕಲ್ಲ. ಹಾಗಾಗಿ ಆ ವಿಡಿಯೋಗಳಲ್ಲಿ ಮುಕ್ಕಾಲು ಭಾಗ ನಮಗೆ ಲೆಕ್ಕಕ್ಕೇ ಬರಲ್ಲ.

ನಮ್ಮಲ್ಲಿ 1959ರ ಆಯುಧ ಕಾಯ್ದೆ, 2016ರ ಆಯುಧ ನಿಯಮಗಳು ಇವೆ. ವಯಸ್ಸು 21 ತುಂಬಿರಬೇಕು. ಅರ್ಜಿ ಹೋಗೋದು ಜಿಲ್ಲಾಧಿಕಾರಿಗೆ, ಅಂದರೆ ನಮಗೆ ಚಾಮರಾಜನಗರಕ್ಕೆ. ಪೊಲೀಸ್ ವರದಿ ಬೇಕು, ವೈದ್ಯರ ಸರ್ಟಿಫಿಕೇಟ್ ಬೇಕು, ಆಯುಧವನ್ನು ಸುರಕ್ಷಿತವಾಗಿ ಹಿಡಿಯೋ ತರಬೇತಿ ಆಗಿರಬೇಕು. 2019ರ ತಿದ್ದುಪಡಿ ಆದಮೇಲೆ ಒಬ್ಬರ ಹತ್ತಿರ ಎರಡೇ ಬಂದೂಕು ಇರಬಹುದು, ಮೊದಲು ಮೂರಿತ್ತು. ಲೈಸೆನ್ಸ್ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ.

ಇಲ್ಲೊಂದು ವ್ಯತ್ಯಾಸ ಗಮನಿಸಿ. ಬೆಳೆ ಕಾಯೋ ರೈತ ಮದ್ದು ತುಂಬೋ ನಾಡ ಬಂದೂಕಿಗೆ ಅರ್ಜಿ ಹಾಕಿದರೆ ಕಾನೂನು ಸ್ವಲ್ಪ ಸಡಿಲ. ಕೈಯಲ್ಲಿ ಹಿಡಿಯೋ ರಿವಾಲ್ವರ್, ಪಿಸ್ತೂಲಿಗೆ ಹಾಗಲ್ಲ. "ನಿಮಗೇ ಯಾಕೆ ಬೇಕು?" ಅನ್ನೋದಕ್ಕೆ ಅಧಿಕಾರಿಗೆ ಒಪ್ಪಿಗೆಯಾಗೋ ಕಾರಣ ಕೊಡಬೇಕು. ಭಯ ಆಗ್ತದೆ ಅನ್ನೋ ಮಾತೊಂದೇ ಸಾಕಾಗಲ್ಲ. ಹಿಂಬಾಲಿಸಿದ ದಿನವೇ ಸ್ಟೇಷನ್‌ನಲ್ಲಿ ಬರೆದುಕೊಟ್ಟ ದೂರು ಇದ್ದರೆ ಅದಕ್ಕೆ ತೂಕ. ಮಾವ ದೂರು ಕೊಟ್ಟಿರಲಿಲ್ಲ.

ಕೊಡಗಿನವರಿಗೆ ಲೈಸೆನ್ಸೇ ಬೇಡವಲ್ಲ ಅಂತ ಯಾರಾದರೂ ಹೇಳ್ತಾರೆ. ಆ ವಿನಾಯಿತಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದದ್ದು, 2029ರವರೆಗೆ ಮುಂದುವರಿದಿದೆ. ನಮಗೆ ಅನ್ವಯಿಸಲ್ಲ.

ನಮ್ಮ ಕಡೆಯವರಿಗೆ ಇನ್ನೊಂದು ಗಂಟು

ಇದನ್ನ ಯಾವ ವಿಡಿಯೋದಲ್ಲೂ ಹೇಳಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ, ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ಹೊಸ ಬಂದೂಕು ಲೈಸೆನ್ಸ್ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಬೇಕು. ಈಗ ಮ್ಯಾಪ್ ತೆಗೆದು ನೋಡಿ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಕಡೆ ಮಲೆ ಮಹದೇಶ್ವರ ವನ್ಯಧಾಮ, ಆಚೆ ಕಾವೇರಿ ವನ್ಯಧಾಮ. ಯಳಂದೂರು, ಕೊಳ್ಳೇಗಾಲ, ಹನೂರು ತಾಲ್ಲೂಕಿನ ಎಷ್ಟೋ ಊರು ಈ ಗೆರೆಯೊಳಗೇ ಬರ್ತವೆ.

ಲೈಸೆನ್ಸ್ ಸಿಕ್ಕಿದರೂ, ಮುಂಚೆ ಅನುಮತಿ ಪಡೆಯದೆ ಆಯುಧ ಹಿಡ್ಕೊಂಡು ಅಭಯಾರಣ್ಯದೊಳಗೆ ಹೋಗಂಗಿಲ್ಲ. ಮಾದಪ್ಪನ ಬೆಟ್ಟಕ್ಕೆ ಹೋಗೋ ರಸ್ತೆ ಕಾಡೊಳಗೇ ಹೋಗೋದು. ಸೊಂಟದಲ್ಲಿ ಇರೋದನ್ನ ಮರೆತು ಬಸ್ಸು ಹತ್ತಿದರೂ ಅದು ತಪ್ಪೇ. ಜಾತ್ರೆ, ಮೆರವಣಿಗೆ, ಶಾಲೆ ಕಾಲೇಜಿನ ಆವರಣಕ್ಕೂ ತರಂಗಿಲ್ಲ.

ಆನೆ, ಹಂದಿಗೆ ಆಗುತ್ತೆ ಅಂದ್ಕೊಂಡಿದ್ದರೆ ಅದನ್ನ ಈಗಲೇ ಬಿಟ್ಟುಬಿಡಿ. ಸಣ್ಣ ಪಿಸ್ತೂಲಿನ ಗುಂಡು ಆನೆಗೆ ಸಿಟ್ಟು ಬರಿಸುತ್ತೆ, ನಿಮ್ಮ ಮೇಲೆ ಕೇಸು ಹಾಕಿಸುತ್ತೆ.

ಬಚ್ಚಿಟ್ಕೊಂಡು ಹೋಗಬಹುದಾ?

ಇದು ನನಗೇ ಆಶ್ಚರ್ಯ ತಂದ ವಿಷಯ. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಬಚ್ಚಿಟ್ಟು ಒಯ್ಯೋಕೆ ಬೇರೆ ಪರ್ಮಿಟ್ ಇದೆ. ನಮ್ಮಲ್ಲಿ ಉಲ್ಟಾ. ಸಾರ್ವಜನಿಕ ಜಾಗದಲ್ಲಿ ಕೈಬಂದೂಕು ಒಯ್ಯೋದಾದರೆ ಅದು ಹೋಲ್‌ಸ್ಟರಲ್ಲಿ ಅಥವಾ ಅಂಥದೇ ಚೀಲದಲ್ಲಿ ಇರಬೇಕು, ಪೂರ್ತಿ ಮುಚ್ಚಿರಬೇಕು, ನಿಮ್ಮ ಹಿಡಿತದಲ್ಲೇ ಇರಬೇಕು. ತೋರಿಸೋದೇ ತಪ್ಪು. ಮದುವೆಯಲ್ಲಿ ಖುಷಿಗೆ ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲ ಒಂದು ಲಕ್ಷದವರೆಗೆ ದಂಡ, ಇಲ್ಲ ಎರಡೂ.

ಪ್ಯಾಂಟಿನ ಜೇಬಲ್ಲಿ, ಸ್ಕೂಟರ್ ಡಿಕ್ಕಿಯಲ್ಲಿ, ಬರೀ ಪಂಚೆಗೆ ಸಿಕ್ಕಿಸ್ಕೊಂಡು ಓಡಾಡೋದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ಟ್ರಿಗರ್ ಮುಚ್ಚೋ ಗಟ್ಟಿ ಹೋಲ್‌ಸ್ಟರ್ ಇಲ್ಲದೆ ಯಾವ ಬಂದೂಕೂ ದಿನಾ ಒಯ್ಯೋ ಬಂದೂಕಲ್ಲ.

ಸಿಗೋದು ಯಾವುದು?

1980ರ ದಶಕದಿಂದ ಸಾಮಾನ್ಯರು ವಿದೇಶಿ ಬಂದೂಕು ತರಿಸೋದು ನಿಂತಿದೆ. ಹಳೇ ವೆಬ್ಲಿ, ವಾಲ್ಥರ್ ಕೈಯಿಂದ ಕೈಗೆ ದುಬಾರಿ ಬೆಲೆಗೆ ಓಡಾಡ್ತವೆ. ಹೊಸದು ಬೇಕಾದರೆ ಮುಖ್ಯವಾಗಿ ಸರ್ಕಾರಿ ಕಾರ್ಖಾನೆಯ ಮಾಲು, ಬಹುತೇಕ ಎಲ್ಲ ಪಾಯಿಂಟ್ 32 ಬೋರ್.

ರಿವಾಲ್ವರ್ ಪೈಕಿ 2014ರಲ್ಲಿ ಕಾನ್ಪುರದಿಂದ ಬಂದ 'ನಿರ್ಭೀಕ್' ಹೆಂಗಸರ ರಕ್ಷಣೆಗೆ ಅಂತ ಹೆಸರು ಮಾಡಿತು. ತೂಕ ಸುಮಾರು 500 ಗ್ರಾಂ, ಬಂದಾಗ ಬೆಲೆ ಸುಮಾರು 1.22 ಲಕ್ಷ. 2023ರ ಆಗಸ್ಟಲ್ಲಿ 'ಪ್ರಬಲ್' ಬಂತು: ಸುಮಾರು 700 ಗ್ರಾಂ, 76 ಎಂ.ಎಂ. ನಳಿಗೆ, ಗುಂಡಿನ ಉರುಳೆ ಪಕ್ಕಕ್ಕೆ ತೆರೆಯುತ್ತೆ. ಪಿಸ್ತೂಲ್ ಬೇಕಾದರೆ 'ಅಶನಿ' ಇದೆ. ರಿವಾಲ್ವರ್, ಪಿಸ್ತೂಲ್ ಎರಡಕ್ಕೂ ಪಾಯಿಂಟ್ 32 ಅಂತಾನೇ ಹೆಸರು, ಆದರೆ ಗುಂಡು ಬೇರೆ ಬೇರೆ. ಒಂದರದ್ದು ಇನ್ನೊಂದಕ್ಕೆ ಆಗಲ್ಲ.

ಯಾವುದು ಆರಿಸೋದು? ರಿವಾಲ್ವರ್ ದಪ್ಪ, ಗುಂಡು ಕಮ್ಮಿ, ಸಾಮಾನ್ಯವಾಗಿ ಆರು. ಆದರೆ ಒಂದು ಗುಂಡು ಠುಸ್ ಅಂದರೆ ಮತ್ತೆ ಟ್ರಿಗರ್ ಎಳೀರಿ, ಮುಂದಿನದು ಬರುತ್ತೆ. ಉರುಳೆ ತೆರೆದರೆ ಗುಂಡು ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತೆ. ಪಿಸ್ತೂಲ್ ಚಪ್ಪಟೆ, ಅಂಗಿ ಒಳಗೆ ಚೆನ್ನಾಗಿ ಅಡಗುತ್ತೆ. ಆದರೆ ಸಿಕ್ಕಿಹಾಕ್ಕೊಂಡರೆ ಸ್ಲೈಡ್ ಎಳೆದು ಸರಿಮಾಡಬೇಕು. ಮ್ಯಾಗಜಿನ್ ತೆಗೆದಮೇಲೂ ಒಂದು ಗುಂಡು ಒಳಗೇ ಉಳಿದಿರಬಹುದು. "ಖಾಲಿ ಇದೆ" ಅಂದ್ಕೊಂಡು ಆಗೋ ಅನಾಹುತ ಇದರಿಂದಲೇ. ಅಭ್ಯಾಸ ಕಮ್ಮಿ ಇರೋರಿಗೆ ರಿವಾಲ್ವರ್ ವಾಸಿ ಅಂತ ನನ್ನ ಅಭಿಪ್ರಾಯ.

ಇನ್ನೊಂದು ಮಾತು. ಸಣ್ಣದು, ಹಗುರ ಅಂದರೆ ಸುಲಭ ಅಂತಲ್ಲ. ಹಗುರ ಆದಷ್ಟೂ ಕೈಗೆ ಒದೆ ಜಾಸ್ತಿ, ನಳಿಗೆ ಗಿಡ್ಡ ಆದಷ್ಟೂ ಗುರಿ ಕಷ್ಟ. ಪಾಯಿಂಟ್ 32 ಪುಟ್ಟದು ಅಂತ ತಮಾಷೆ ಮಾಡೋರಿಗೂ ಒಂದು ಮಾತು: ಕಲಬುರ್ಗಿಯವರನ್ನ 2015ರಲ್ಲಿ, ಗೌರಿ ಲಂಕೇಶ್ ಅವರನ್ನ 2017ರಲ್ಲಿ ಕೊಂದದ್ದು 7.65 ಎಂ.ಎಂ. ಗುಂಡು ಅಂತ ತನಿಖೆ ಹೇಳಿತು. ಪಿಸ್ತೂಲಿನ ಪಾಯಿಂಟ್ 32 ಅಂದರೂ ಅದೇ ಅಳತೆ.

ಇದೆಲ್ಲ ತಲೆನೋವು, ಕಂಟ್ರಿ ಪಿಸ್ತೂಲ್ ತಗೊಂಡ್ರಾಯ್ತು ಅನ್ನೋರಿಗೆ: ಲೈಸೆನ್ಸ್ ಇಲ್ಲದ ಬಂದೂಕು ಇಟ್ಕೊಂಡರೆ ಕಾಯ್ದೆ ಹೇಳೋದು ಎರಡರಿಂದ ಐದು ವರ್ಷ ಜೈಲು.

ಈಗ ಲೆಕ್ಕ

ಬಿ.ಕಾಂ. ಓದಿದವನು, ಎರಡು ಕಾಲಂ ಹಾಕದೆ ಬಿಡಲ್ಲ. ಖರ್ಚಿನ ಕಡೆ: ಬಂದೂಕು, ಹೋಲ್‌ಸ್ಟರ್, ಮನೆಯಲ್ಲಿ ಬೀಗ ಹಾಕೋ ಪೆಟ್ಟಿಗೆ, ತರಬೇತಿ, ಗುಂಡು, ನವೀಕರಣ. ಅದರ ಜೊತೆಗೆ ಚುನಾವಣೆ ಬಂದಾಗೆಲ್ಲ ಆಯುಧ ಜಮಾ ಮಾಡಿ ಅಂತ ಬರೋ ಕರೆ. ನಮ್ಮ ತಾತನ ನಾಡ ಬಂದೂಕನ್ನ ಗೋಣಿಚೀಲದಲ್ಲಿ ಸುತ್ತಿ ಸ್ಟೇಷನ್‌ಗೆ ಒಯ್ದದ್ದು ನನಗೆ ಚೆನ್ನಾಗಿ ನೆನಪಿದೆ. ಏಳನೇ ವಯಸ್ಸಲ್ಲಿ ಅದನ್ನ ತಂಗಿ ಕಡೆ ಹಿಡಿದು ಆಟ ಆಡಿದ್ದಕ್ಕೆ ತಾತ ಬಾರಿಸಿದ ಏಟೂ ನೆನಪಿದೆ. ಅವತ್ತು ಅದರಲ್ಲಿ ಮದ್ದು ಇರಲಿಲ್ಲ, ನಮ್ಮ ಪುಣ್ಯ. ಮಾವನ ಮನೆಯಲ್ಲಿ ಈಗ ಇಬ್ಬರು ಮೊಮ್ಮಕ್ಕಳಿದ್ದಾರೆ.

ಲಾಭದ ಕಡೆ? ಬೈಕಿನವನು ಪಕ್ಕ ಬಂದು ಬ್ಯಾಗ್ ಎಳೆಯೋಕೆ ಎರಡು ಸೆಕೆಂಡು ಸಾಕು. ಎರಡೂ ಕೈ ಹ್ಯಾಂಡಲ್ ಮೇಲಿರೋ ಮನುಷ್ಯ, ಅಂಗಿ ಎತ್ತಿ, ಹೋಲ್‌ಸ್ಟರಿಂದ ತೆಗೆದು, ಕತ್ತಲಲ್ಲಿ ಗುರಿ ಹಿಡಿಯೋದು ಯಾವಾಗ? 1992ರ ಆಗಸ್ಟ್ 14ರಂದು ಮೀಣ್ಯಂ ಹತ್ತಿರ ವೀರಪ್ಪನ್ ಗ್ಯಾಂಗಿನ ಹೊಂಚಿಗೆ ಬಲಿಯಾದ ಎಸ್.ಪಿ. ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ತರಬೇತಿ ಇದ್ದ ಪೊಲೀಸರು. ಹೊಂಚು ಹಾಕಿದವನ ಮುಂದೆ ಬಂದೂಕು ಇದ್ದವನೂ ಹಿಂದೆ ಬೀಳ್ತಾನೆ.

ಅಕಸ್ಮಾತ್ ಹಾರಿಸಿದಿರಿ ಅಂತಲೇ ಇಟ್ಕೊಳ್ಳಿ. ಆತ್ಮರಕ್ಷಣೆ ಹಕ್ಕು ಭಾರತೀಯ ನ್ಯಾಯ ಸಂಹಿತೆಯಲ್ಲಿದೆ, ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಂಗಿಲ್ಲ. ಓಡಿಹೋಗ್ತಾ ಇರೋ ಕಳ್ಳನ ಬೆನ್ನಿಗೆ ಹೊಡೆದರೆ ಕೋರ್ಟಲ್ಲಿ ನಿಲ್ಲೋರು ನೀವು.

ಇಷ್ಟೂ ಹೇಳಿದಾಗ ಮಾವ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಂಗಾರೆ ದುಡ್ಡು ಹೊತ್ಕಂಡು ಬರದೇ ತಪ್ಪು ಅಂತೀಯ" ಅಂದರು. ಹೌದು ಮಾವ, ಅಲ್ಲೇ ಇರೋದು ವಿಷಯ.

ಈಗ ಅಂಗಡಿಯಲ್ಲಿ ಕ್ಯೂಆರ್ ಕೋಡ್ ಮೂರು ಕಡೆ ಅಂಟಿದೆ. ಇರೋ ನಗದು ಮಧ್ಯಾಹ್ನವೇ ಬ್ಯಾಂಕಿಗೆ ಹೋಗುತ್ತೆ. ಸಾಗಣೆಯಲ್ಲಿರೋ ಹಣಕ್ಕೆ ವಿಮೆ ಬಗ್ಗೆ ವಿಚಾರಿಸಿದ್ದೀವಿ. ರಾತ್ರಿ ಅಂಗಡಿ ಹುಡುಗನ ಜೊತೆ ಇಬ್ಬರು ಒಟ್ಟಿಗೆ ಬರ್ತಾರೆ, ಸಮಯ ದಿನಾ ಬದಲಾಗುತ್ತೆ. ಸ್ಟೇಷನ್‌ಗೆ ಹೋಗಿ ದೂರೂ ಬರೆದುಕೊಟ್ಟಾಗಿದೆ. ಲೈಸೆನ್ಸ್ ಅರ್ಜಿ? ಅದನ್ನ ಬೇಡ ಅಂತ ನಾನು ಹೇಳಲಿಲ್ಲ, ಅದು ಅವರ ಹಕ್ಕು. ಫಾರಂ ತಂದು ಕೊಟ್ಟಿದ್ದೀನಿ, ಅದಿನ್ನೂ ಗಲ್ಲಾ ಕೆಳಗೆ ಮಡಚಿದ ಹಾಗೇ ಇದೆ. ಮೊನ್ನೆ ಕೇಳಿದೆ, "ಏನಾಯ್ತು ಮಾವ?" "ನಿದ್ದೆ ಬತ್ತಾ ಅದೆ ಕಣ್ಲಾ, ಇರ್ಲಿ ಬುಡು" ಅಂದರು.

ಇವತ್ತಿಗೆ ಇಷ್ಟು. ಮುಂದಿನ ವಾರ ಆ ಸಾಗಣೆ ವಿಮೆಯ ಬಗ್ಗೆಯೇ ಮಾತಾಡೋಣ, ಸಣ್ಣ ವ್ಯಾಪಾರಿಗಳು ಕೇಳಿಸ್ಕೊಳ್ಳಿ. ರಾತ್ರಿ ಹೊತ್ತು ನಿಧಾನವಾಗಿ ಹೋಗಿ, ಹುಷಾರಾಗಿ ಮನೆ ಸೇರಿ. ನಮಸ್ಕಾರ.