ಓದುವ ಮಕ್ಕಳಿಗೆ ಬೇಕಾದ ನಾಲ್ಕು ಬಗೆಯ ಆಸರೆ

ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದ ವಿದ್ಯಾರ್ಥಿಗೆ ಬುದ್ಧಿ ಹೇಳುವವರಿಗೆ ಕೊರತೆಯಿಲ್ಲ. ತಂದೆ-ತಾಯಿ, ನೆಂಟರು, ಉಪನ್ಯಾಸಕರು ಎಲ್ಲರೂ ಹೇಳುತ್ತಾರೆ. ಆದರೂ ಆತ ಒಂಟಿಯಾಗಿಯೇ ಉಳಿಯುವುದುಂಟು. ದೊರೆಯುತ್ತಿರುವ ಆಸರೆಗೂ ಆ ಹೊತ್ತಿಗೆ ಬೇಕಾದ ಆಸರೆಗೂ ಹೊಂದಿಕೆಯಿಲ್ಲದಿರುವುದೇ ಇದಕ್ಕೆ ಬಹುಮಟ್ಟಿಗೆ ಕಾರಣ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಅಂಕಿ-ಅಂಶಗಳಂತೆ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಪ್ರತಿಯೊಂದು ಸಾವಿಗೂ ಓದೇ ಕಾರಣವೆನ್ನಲಾಗದು. ಆದರೆ ಕಷ್ಟದಲ್ಲಿರುವ ವಿದ್ಯಾರ್ಥಿಗೆ ಯಾರು, ಯಾವ ರೀತಿ ನೆರವಾಗಬೇಕೆಂಬ ಪ್ರಶ್ನೆ ಎಷ್ಟು ಗಂಭೀರವೆಂಬುದನ್ನು ಈ ಸಂಖ್ಯೆ ತೋರಿಸುತ್ತದೆ.

ನಾಲ್ಕು ಬಗೆ

ಅಮೆರಿಕದ ಸಮಾಜಶಾಸ್ತ್ರಜ್ಞ ಜೇಮ್ಸ್ ಹೌಸ್ 1981ರಲ್ಲಿ ಸಾಮಾಜಿಕ ಆಸರೆಯನ್ನು ನಾಲ್ಕಾಗಿ ವಿಂಗಡಿಸಿದರು. ಪ್ರೀತಿ, ಸಾಂತ್ವನಗಳು ಮೊದಲನೆಯದು. ಹಣ, ಊಟ, ವಸತಿಯಂಥ ಪ್ರತ್ಯಕ್ಷ ನೆರವು ಎರಡನೆಯದು. ತಿಳಿವಳಿಕೆ ಮತ್ತು ಮಾರ್ಗದರ್ಶನ ಮೂರನೆಯದು. ತನ್ನ ಶಕ್ತಿ-ದೌರ್ಬಲ್ಯಗಳನ್ನು ತಾನೇ ಅಳೆದುಕೊಳ್ಳಲು ನೆರವಾಗುವ ಪ್ರಾಮಾಣಿಕ ಅಭಿಪ್ರಾಯ ನಾಲ್ಕನೆಯದು. ಒಂದು ಬಗೆಯ ಆಸರೆ ಇನ್ನೊಂದರ ಸ್ಥಾನವನ್ನು ತುಂಬಲಾರದು. ಶುಲ್ಕ ಕಟ್ಟಲಾಗದವನಿಗೆ ಧೈರ್ಯದ ಮಾತು ಸಾಲದು. ಮನಸ್ಸು ಕುಸಿದವಳಿಗೆ ಹಣ ಸಾಲದು.

ಪ್ರತ್ಯಕ್ಷ ನೆರವಿನ ವಿಷಯದಲ್ಲಿ ನಮ್ಮ ನಾಡಿಗೆ ದೀರ್ಘ ಪರಂಪರೆಯಿದೆ. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದುತ್ತಿದ್ದ ವಾರಾನ್ನದ ಪದ್ಧತಿ ಅನೇಕ ಬಡ ಹುಡುಗರನ್ನು ದಡ ಸೇರಿಸಿತು. ಆದರೆ ಅದು ಬಹುಮಟ್ಟಿಗೆ ಜಾತಿಯ ಮಿತಿಯೊಳಗೇ ಇತ್ತು. ತುಮಕೂರಿನ ಸಿದ್ಧಗಂಗಾ ಮಠದಂತಹ ಸಂಸ್ಥೆಗಳ ಉಚಿತ ಅನ್ನ-ವಸತಿ ಹಾಗೂ ಸರ್ಕಾರಿ ವಿದ್ಯಾರ್ಥಿನಿಲಯಗಳು ಈ ನೆರವನ್ನು ಇನ್ನಷ್ಟು ಮಂದಿಗೆ ತಲುಪಿಸಿದವು. ಹಾಸ್ಟೆಲಿನಲ್ಲಿ ಸಿಗುವುದು ಊಟವಷ್ಟೇ ಅಲ್ಲ. ಯಾವ ಕೋರ್ಸು, ಯಾವ ಅರ್ಜಿ, ಯಾವ ಕೊನೆಯ ದಿನಾಂಕ ಎಂಬ ತಿಳಿವಳಿಕೆಯೂ ಹಿರಿಯ ವಿದ್ಯಾರ್ಥಿಗಳಿಂದ ಕಿರಿಯರಿಗೆ ಅಲ್ಲಿಯೇ ಹರಿಯುತ್ತದೆ.

ಜೊತೆಗೂಡಿ ಓದಿದಾಗ

ಓದಿನಲ್ಲಿ ಒಡನಾಡಿಗಳ ಪಾತ್ರವೇನೆಂಬುದಕ್ಕೆ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಒಂದು ಅಧ್ಯಯನ ಪ್ರಸಿದ್ಧ ಉದಾಹರಣೆ. 1970ರ ದಶಕದಲ್ಲಿ ಅಲ್ಲಿನ ಕಪ್ಪುವರ್ಣೀಯ ವಿದ್ಯಾರ್ಥಿಗಳು ಕಲನಶಾಸ್ತ್ರದಲ್ಲಿ ಹೆಚ್ಚಾಗಿ ಅನುತ್ತೀರ್ಣರಾಗುತ್ತಿದ್ದರು. ಶ್ರದ್ಧೆ ಸಾಲದು, ಮನೆಯವರ ಪ್ರೋತ್ಸಾಹ ಸಾಲದು ಎಂದು ಅಧ್ಯಾಪಕರು ಊಹಿಸಿದ್ದರು. ಯೂರಿ ಟ್ರೈಸ್‌ಮನ್ ಪರಿಶೀಲಿಸಿದಾಗ ಆ ಊಹೆಗಳು ನಿಲ್ಲಲಿಲ್ಲ. ಅವರು ಶ್ರಮವಹಿಸಿಯೇ ಓದುತ್ತಿದ್ದರು, ಆದರೆ ಒಬ್ಬೊಬ್ಬರೇ ಓದುತ್ತಿದ್ದರು. ಚೀನೀ ಮೂಲದ ವಿದ್ಯಾರ್ಥಿಗಳಾದರೋ ಗುಂಪಾಗಿ ಕುಳಿತು ಪರಸ್ಪರರ ಲೆಕ್ಕಗಳನ್ನು ತಿದ್ದುತ್ತಿದ್ದರು. ಕಠಿಣ ಲೆಕ್ಕಗಳನ್ನು ಒಟ್ಟಾಗಿ ಬಿಡಿಸುವ ಕಾರ್ಯಾಗಾರಗಳನ್ನು ಏರ್ಪಡಿಸಿದ ಬಳಿಕ ಭಾಗವಹಿಸಿದವರ ಫಲಿತಾಂಶ ಗಣನೀಯವಾಗಿ ಸುಧಾರಿಸಿತು. ಹೌಸ್ ಹೇಳಿದ ನಾಲ್ಕನೆಯ ಬಗೆಯ ಆಸರೆ ಇದೇ: ತಪ್ಪನ್ನು ಅವಮಾನಿಸದೆ ತೋರಿಸಿಕೊಡುವ ಸಮಾನರ ಬಳಗ.

ಉದ್ಯೋಗಕ್ಕೆ ದೂರದ ಪರಿಚಯ

ಉದ್ಯೋಗದ ಹುಡುಕಾಟದಲ್ಲಿ ಚಿತ್ರ ಬದಲಾಗುತ್ತದೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧದಂತೆ, ಪರಿಚಿತರ ಮೂಲಕ ಕೆಲಸ ಪಡೆದವರಲ್ಲಿ ಪದೇ ಪದೇ ಭೇಟಿಯಾಗುವ ಆಪ್ತರಿಂದ ಸುಳಿವು ಪಡೆದವರು ಶೇ 16.7 ಮಾತ್ರ. ಉಳಿದವರಿಗೆ ಆಗೊಮ್ಮೆ ಈಗೊಮ್ಮೆ ಅಥವಾ ಅಪರೂಪಕ್ಕೆ ಸಿಗುವವರೇ ದಾರಿ ತೋರಿಸಿದ್ದರು. ಆಪ್ತರಿಗೆ ಗೊತ್ತಿರುವುದು ಸಾಮಾನ್ಯವಾಗಿ ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಬೇರೆ ವಲಯದಿಂದ. ಕುಟುಂಬದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲೇರಿದವರಿಗೆ ಇಂತಹ ಪರಿಚಯಗಳೇ ಇರುವುದಿಲ್ಲ. ಕಾಲೇಜುಗಳು ಹಳೆಯ ವಿದ್ಯಾರ್ಥಿಗಳ ಸಂಘವನ್ನು ವಾರ್ಷಿಕೋತ್ಸವಕ್ಕೆ ಸೀಮಿತಗೊಳಿಸದೆ ಇವರಿಗೆ ಸೇತುವೆಯಾಗಿಸಬೇಕು.

ಮನೆಯವರು ಮಾಡಬಹುದಾದುದು

ರಾಜ್ಯದಲ್ಲಿ 2024ರಲ್ಲಿ ಎಸ್ಸೆಸ್ಸೆಲ್ಸಿ ಹಾಗೂ ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ವ್ಯವಸ್ಥೆ ಬಂದಿತ್ತು. ನಿಯಮದಲ್ಲಿ ದೊರೆತ ಈ ಅವಕಾಶ ಮನೆಯ ಮಾತಿನಲ್ಲಿಯೂ ದೊರೆಯಬೇಕು. ಫಲಿತಾಂಶದ ದಿನ ಹೋಲಿಕೆ ಬೇಡ, ಉಪದೇಶವೂ ಬೇಡ. ಮೊದಲು ಕೇಳಿಸಿಕೊಳ್ಳುವುದೇ ಸಾಕು. ಮುಂದೇನು ಎಂಬ ಚರ್ಚೆ ಕೆಲವು ದಿನಗಳ ನಂತರವೂ ಆಗಬಹುದು. "ನಿನಗೆ ಈಗ ಏನು ಬೇಕು?" ಎಂಬ ನೇರ ಪ್ರಶ್ನೆ ಅನೇಕ ಊಹೆಗಳನ್ನು ತಪ್ಪಿಸುತ್ತದೆ.

ಊಟ, ನಿದ್ರೆ ಕೆಟ್ಟು, ಮಾತು ಕಡಿಮೆಯಾಗಿ, ಬದುಕು ಬೇಡವೆಂಬ ಮಾತು ಬಂದರೆ ಅದನ್ನು ಹಟವೆಂದು ತಳ್ಳಿಹಾಕದೆ ತಜ್ಞರ ನೆರವು ಪಡೆಯಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416, ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ, ಉಚಿತವಾಗಿ, ದಿನದ 24 ಗಂಟೆಯೂ ಲಭ್ಯ. ಕೇಳಿ ಪಡೆಯುವ ಆಸರೆ ದೌರ್ಬಲ್ಯವಲ್ಲ ಎಂಬುದನ್ನು ಮಕ್ಕಳು ಕಲಿಯಬೇಕಾದುದು ಮೊದಲು ಮನೆಯಲ್ಲೇ.