ತಾಯಿ ಪತಂಗದಿಂದ ಮರಿ ಕೀಡೆಗೆ ಇಳಿಯುವ ರೋಗ

ತೊಗರಿ ಹೂ ಬಿಟ್ಟ ಮೇಲೆ ಜಳಕೋಟ, ಉದಗೀರ ಭಾಗದಲ್ಲಿ ಕಾಯಿಕೊರಕ ಕೀಡೆ ನೋಡದ ರೈತರಿಲ್ಲ. ಮರಾಠಿಯಲ್ಲಿ ಇದನ್ನೇ ‘ಘಾಟೆ ಅಳಿ’ ಅನ್ನುತ್ತಾರೆ. ಒಮ್ಮೊಮ್ಮೆ ಈ ಕೀಡೆ ಗಿಡದ ತುದಿಗೇರಿ, ತಲೆ ಕೆಳಗಾಗಿ ಜೋತುಬಿದ್ದು ಸತ್ತಿರುತ್ತದೆ. ಮುಟ್ಟಿದರೆ ಚರ್ಮ ಹರಿದು ನೀರು ಸುರಿಯುತ್ತದೆ. ಎನ್‌ಪಿವಿ ಎಂಬ ವೈರಸ್ ತಗಲಿದ ಕೀಡೆ ಹೀಗೆ ಸಾಯುತ್ತದೆ.

ಆ ನೀರು ಬಿದ್ದ ಎಲೆ ತಿಂದ ಕೀಡೆಗೂ ರೋಗ ಬರುತ್ತದೆ. ಇದು ಮುಖ್ಯ ದಾರಿ. ಇನ್ನೊಂದು ದಾರಿ ಮೊಟ್ಟೆಯದು. ರೋಗ ಸ್ವಲ್ಪವೇ ತಗಲಿದ ಕೀಡೆ ಸಾಯದೆ ಪತಂಗವಾಗಿ ನೂರಾರು ಮೊಟ್ಟೆ ಇಡುತ್ತದೆ. ಮೊಟ್ಟೆಯ ಸಿಪ್ಪೆಗೆ ವೈರಸ್ ಅಂಟಿರಬಹುದು. ಮರಿ ಹೊರಬಂದು ತಿನ್ನುವ ಮೊದಲ ತುತ್ತೇ ಆ ಸಿಪ್ಪೆ. ತಾಯಿಯ ಹೊಟ್ಟೆಯಲ್ಲಿದ್ದಾಗಲೇ ವೈರಸ್ ಮೊಟ್ಟೆಯ ಒಳಗೆ ಸೇರುವುದೂ ಉಂಟು.

ರೇಷ್ಮೆ ಸಾಕುವವರಿಗೆ ಈ ಮಾತು ಹೊಸದಲ್ಲ. ರೇಷ್ಮೆಹುಳದ ಪೆಬ್ರಿನ್ ರೋಗಕ್ಕೆ ನೊಸೆಮಾ ಎಂಬ ಪರಾವಲಂಬಿ ಕಾರಣ, ಅದು ತಾಯಿಯಿಂದ ಮೊಟ್ಟೆಗೆ ಇಳಿಯುತ್ತದೆ. ಫ್ರಾನ್ಸಿನ ಲೂಯಿ ಪಾಶ್ಚರ್ 1865ರಿಂದ ಈ ರೋಗದ ಬೆನ್ನು ಹತ್ತಿ, ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪದ್ಧತಿ ತಂದರು. ರೋಗ ಕಂಡರೆ ಅದರ ಮೊಟ್ಟೆಗಳನ್ನೆಲ್ಲ ನಾಶ ಮಾಡಬೇಕು. ಕರ್ನಾಟಕದ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ತಾಯಿ ಚಿಟ್ಟೆಯ ಪರೀಕ್ಷೆ ನಡೆಯುತ್ತದೆ. ಅಲ್ಲಿ ಶತ್ರುವಾದ ದಾರಿಯೇ ತೊಗರಿ ಹೊಲದಲ್ಲಿ ನಮಗೆ ಸಹಾಯ, ನೋಡಿ.

ಹಾಗಾದರೆ ಒಂದು ಸಲ ಎನ್‌ಪಿವಿ ಹೊಡೆದು ಸುಮ್ಮನಿರಬಹುದೇ? ಇರಬಾರದು. ತಾಯಿಯಿಂದ ಬಂದ ವೈರಸ್ ಎಷ್ಟೋ ಸಲ ಮರಿಯ ಮೈಯಲ್ಲಿ ಅಡಗಿ ಕೂಡುತ್ತದೆ, ಮರಿ ಆರಾಮಾಗಿ ಕಾಯಿ ಕೊರೆಯುತ್ತದೆ. ಬೇರೆ ಕಡೆಯಿಂದ ಹಾರಿಬಂದ ಪತಂಗಗಳಂತೂ ಇದ್ದೇ ಇವೆ. ಇದನ್ನು ನಂಬಿ ಕೂತರೆ ಬೆಳೆ ಕೈ ಬಿಡುತ್ತದೆ.

ಹೊಲ ನೋಡುತ್ತಲೇ ಇರಬೇಕು. ಮರಿ ಸಣ್ಣದಿದ್ದಾಗಲೇ ಎಕರೆಗೆ 100 ಎಲ್‌ಇ ಲೆಕ್ಕದಲ್ಲಿ, ಸ್ವಲ್ಪ ಬೆಲ್ಲ ಬೆರೆಸಿ ಹೊಡೆಯಬೇಕು. ಒಂದು ಎಲ್‌ಇ ಅಂದರೆ 600 ಕೋಟಿ ವೈರಸ್ ಹರಳು. ಬಿಸಿಲಿಗೆ ವೈರಸ್ ಸಾಯುವುದರಿಂದ ಸಂಜೆಯೇ ಸರಿ. ದೊಡ್ಡ ಕೀಡೆ ಇದಕ್ಕೆ ಸುಲಭವಾಗಿ ಬಗ್ಗುವುದಿಲ್ಲ.

ಕಾಯಿಕೊರಕದ ಎನ್‌ಪಿವಿ ರೇಷ್ಮೆಹುಳಕ್ಕೆ ತಗಲುವುದಿಲ್ಲ. ರೇಷ್ಮೆಹುಳದ ಎನ್‌ಪಿವಿ ಬೇರೆಯೇ ಇದೆ. ಇನ್ನು ಜೋತುಬಿದ್ದು ಸತ್ತ ಕೀಡೆ ಕಂಡರೆ ಕಿತ್ತು ಎಸೆಯಬೇಡಿ, ಗಿಡದಲ್ಲೇ ಬಿಡಿ.