ಪ್ರೋಟಾನಿನ ಗಿರಕಿ

ತುಮಕೂರು ಜಿಲ್ಲೆಯ ಮಧುಗಿರಿ, ಸಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಹೆಬ್ಬಂಡೆಗಳ ಬೆಟ್ಟಗುಡ್ಡಗಳಿಂದ ಕೂಡಿದ ಬಯಲುಸೀಮೆಯ ಭಾಗ. ಮಳೆಯನ್ನು ನಂಬಿದ ಇಲ್ಲಿನ ಹೊಲಗಳಲ್ಲಿ ಕಡಲೆಕಾಯಿ ಬಹುಕಾಲದಿಂದ ನಡೆದುಬಂದ ಬೆಳೆ. ಬಿಸಿಲಿಗೆ ಹರಡಿದ ಕಾಯಿಯೊಂದನ್ನು ರೈತನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾನೆ. ಒಳಗಿನ ಬೀಜ ಗಲಗಲನೆ ಸದ್ದು ಮಾಡಿದರೆ ಕಾಯಿ ಹದವಾಗಿ ಒಣಗಿದೆಯೆಂದು ಅರಿಯುತ್ತಾನೆ. ಸಿಪ್ಪೆ ಒಡೆಯದೆಯೇ ಒಳಗಿನ ಸ್ಥಿತಿಯನ್ನು ತಿಳಿಯುವ ಉಪಾಯವಿದು. ಪ್ರೋಟಾನಿನ ಒಡಲನ್ನು ಅರಿಯಲು ವಿಜ್ಞಾನಿಗಳು ಹಿಡಿದ ದಾರಿಯೂ ಮೂಲತಃ ಇದೇ. ಆದರೆ ಒಂದು ಮುಖ್ಯ ವ್ಯತ್ಯಾಸವುಂಟು. ಅನುಮಾನ ಬಂದಾಗ ಕಡಲೆಕಾಯಿಯನ್ನು ಸುಲಿದು ನೋಡಬಹುದು. ಪ್ರೋಟಾನನ್ನು ಸುಲಿದು ನೋಡುವುದು ಯಾರಿಗೂ ಸಾಧ್ಯವಿಲ್ಲ.

ಪ್ರೋಟಾನು ಎಷ್ಟು ಚಿಕ್ಕದು? ಒಂದು ಮಿಲಿಮೀಟರನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರ ಅಗಲ ಅಂತಹ ಒಂದೆರಡು ಪಾಲಿನಷ್ಟು. ಹೈಡ್ರೋಜನ್ ಪರಮಾಣುವನ್ನು ಮಧುಗಿರಿಯ ಏಕಶಿಲಾ ಬೆಟ್ಟದಷ್ಟು ಹಿಗ್ಗಿಸಿದೆವೆಂದು ಭಾವಿಸಿದರೆ, ಅದರ ನಡುವಿನ ಪ್ರೋಟಾನು ಒಂದು ಹುಣಿಸೆಬೀಜದಷ್ಟು ಆದೀತು. ಬೆಟ್ಟದಷ್ಟು ವಿಸ್ತಾರದಲ್ಲಿ ಹುಣಿಸೆಬೀಜವನ್ನು ಪತ್ತೆಮಾಡುವುದೇ ಕಷ್ಟ. ಆ ಬೀಜದ ಒಳಗೇನಿದೆಯೆಂದು ಹೇಳುವುದು ಇನ್ನೆಷ್ಟು ಕಷ್ಟವೆಂಬುದನ್ನು ಊಹಿಸಬಹುದು.

ಇದಕ್ಕೆ ದೊರೆತ ಸಾಧನವೇ ಚದರಿಕೆಯ ಪ್ರಯೋಗ. ಕತ್ತಲಲ್ಲಿ ಹುಲ್ಲಿನ ಬಣವೆಯೊಂದರತ್ತ ಕಲ್ಲುಗಳನ್ನು ಬಿರುಸಾಗಿ ಎಸೆಯುತ್ತಿರುವಾಗ ಒಂದು ಕಲ್ಲು ಠಣ್ಣೆಂದು ಹಿಂದಕ್ಕೆ ಸಿಡಿದರೆ, ಹುಲ್ಲಿನೊಳಗೆ ಗಟ್ಟಿಯಾದ ವಸ್ತುವೊಂದು ಅಡಗಿದೆಯೆಂದು ಕಣ್ಣಿಗೆ ಕಾಣದಿದ್ದರೂ ಹೇಳಬಹುದು. 1909ರಲ್ಲಿ ಗೈಗರ್ ಮತ್ತು ಮಾರ್ಸ್‌ಡೆನ್ ಎಂಬುವರು ತೆಳುವಾದ ಚಿನ್ನದ ಹಾಳೆಯತ್ತ ಆಲ್ಫಾ ಕಣಗಳನ್ನು ಹಾಯಿಸಿದಾಗ ಕೆಲವು ಹೀಗೆಯೇ ಹಿಂದಕ್ಕೆ ಸಿಡಿದವು. ಪರಮಾಣುವಿನ ನಡುವೆ ಸಾಂದ್ರವಾದ ನ್ಯೂಕ್ಲಿಯಸ್ ಇರುವುದೆಂದು 1911ರಲ್ಲಿ ರುದರ್‌ಫರ್ಡ್ ಸಾರಿದುದು ಈ ಆಧಾರದ ಮೇಲೆಯೇ. ಅರ್ಧ ಶತಮಾನದ ತರುವಾಯ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಮೂರು ಕಿಲೋಮೀಟರ್ ಉದ್ದದ ವೇಗೋತ್ಕರ್ಷಕ ಯಂತ್ರದಿಂದ ಹೊರಟ ಎಲೆಕ್ಟ್ರಾನುಗಳನ್ನು ಪ್ರೋಟಾನಿನತ್ತ ಹಾಯಿಸಲಾಯಿತು. ತಾಡಿಸುವ ಕಣದ ಶಕ್ತಿ ಹೆಚ್ಚಿದಷ್ಟೂ ಸೂಕ್ಷ್ಮವಾದ ವಿವರಗಳು ಗೋಚರಿಸುತ್ತವೆ. 1960ರ ದಶಕದ ಕೊನೆಯ ಈ ಪ್ರಯೋಗಗಳಲ್ಲಿ ಎಲೆಕ್ಟ್ರಾನುಗಳು ನಿರೀಕ್ಷೆಗೆ ಮೀರಿ ದೊಡ್ಡ ಕೋನಗಳಲ್ಲಿ ಚದರಿದವು. ಪ್ರೋಟಾನು ಮೆತ್ತನೆಯ ಮುದ್ದೆಯಲ್ಲ, ಅದರೊಳಗೆ ಬಿಂದುವಿನಂತಹ ಕಣಗಳಿವೆ ಎಂಬುದು ಸ್ಪಷ್ಟವಾಯಿತು. ಈ ಪ್ರಯೋಗಗಳ ನಾಯಕರಾದ ಫ್ರೀಡ್‌ಮನ್, ಕೆಂಡಾಲ್ ಮತ್ತು ಟೇಲರ್ ಅವರಿಗೆ 1990ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಅಂತಹ ಕಣಗಳ ಕಲ್ಪನೆಯನ್ನು 1964ರಲ್ಲಿಯೇ ಗೆಲ್‌ಮನ್ ಮತ್ತು ಜ್ವೈಗ್ ಬೇರೆ ಬೇರೆಯಾಗಿ ಮುಂದಿಟ್ಟಿದ್ದರು. ಗೆಲ್‌ಮನ್ ಇಟ್ಟ ಕ್ವಾರ್ಕ್ ಎಂಬ ಹೆಸರೇ ನೆಲೆನಿಂತಿತು. ಪ್ರೋಟಾನಿನಲ್ಲಿ ಎರಡು ‘ಅಪ್’ ಕ್ವಾರ್ಕುಗಳೂ ಒಂದು ‘ಡೌನ್’ ಕ್ವಾರ್ಕೂ ಇವೆ. ಅಪ್ ಕ್ವಾರ್ಕಿನ ವಿದ್ಯುದಂಶ ಮೂರರಲ್ಲಿ ಎರಡು ಪಾಲು ಧನ. ಡೌನ್ ಕ್ವಾರ್ಕಿನದು ಮೂರರಲ್ಲಿ ಒಂದು ಪಾಲು ಋಣ. ಮೂರನ್ನೂ ಕೂಡಿದರೆ ಪ್ರೋಟಾನಿನ ವಿದ್ಯುದಂಶವಾದ ಒಂದು ಸರಿಯಾಗಿ ಬರುತ್ತದೆ. ಮೂರು ಬೀಜದ ಕಡಲೆಕಾಯಿಯಂತೆ ಇದು ತೋರಬಹುದು. ಆದರೆ ಕ್ವಾರ್ಕುಗಳನ್ನು ಒಂದಕ್ಕೊಂದು ಬಿಗಿದಿರುವ ಬಲ ವಿಚಿತ್ರವಾದುದು. ಒಂದನ್ನು ಹೊರಗೆಳೆಯಲು ಯತ್ನಿಸಿದರೆ ವ್ಯಯವಾದ ಶಕ್ತಿಯಿಂದ ಹೊಸ ಕ್ವಾರ್ಕುಗಳ ಜೋಡಿ ಹುಟ್ಟಿ, ಹೊರಬರುವ ಕ್ವಾರ್ಕು ಮತ್ತೆ ಜೊತೆ ಕಟ್ಟಿಕೊಂಡೇ ಬರುತ್ತದೆ. ಒಂಟಿ ಕ್ವಾರ್ಕನ್ನು ಇದುವರೆಗೆ ಯಾರೂ ಕಂಡಿಲ್ಲ. ಈ ಬಲವನ್ನು ಸಾಗಿಸುವ ಕಣಗಳಿಗೆ ಗ್ಲೂಆನುಗಳೆಂದು ಹೆಸರು.

ಪ್ರೋಟಾನಿಗೆ ದ್ರವ್ಯರಾಶಿ ಮತ್ತು ವಿದ್ಯುದಂಶಗಳಲ್ಲದೆ ಗಿರಕಿ ಅಥವಾ ಸ್ಪಿನ್ ಎಂಬ ಇನ್ನೊಂದು ಗುಣವಿದೆ. ಎಲೆಕ್ಟ್ರಾನಿಗೆ ಇಂತಹ ಗುಣವಿರುವುದೆಂದು 1925ರಲ್ಲಿ ಊಲನ್‌ಬೆಕ್ ಮತ್ತು ಗೌಡ್ಸ್‌ಮಿಟ್ ಸೂಚಿಸಿದರು. ಚಾಟಿ ಸುತ್ತಿ ಎಸೆದ ಬುಗುರಿ ತನ್ನ ಮೊಳೆಯ ಮೇಲೆ ನಿಂತು ಸುತ್ತುವುದನ್ನು ಎಲ್ಲರೂ ಕಂಡಿದ್ದಾರೆ. ಕಣದ ಗಿರಕಿಯೂ ಹಾಗೆಯೇ ಒಂದು ಅಕ್ಷವನ್ನು, ಒಂದು ದಿಕ್ಕನ್ನು ಸೂಚಿಸುತ್ತದೆ. ಆದರೆ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಬೇಕು. ಬುಗುರಿಯನ್ನು ಬೇಕಾದಷ್ಟು ವೇಗವಾಗಿ ಸುತ್ತಿಸಬಹುದು, ಅದು ಕ್ರಮೇಣ ಸೋತು ಬೀಳುತ್ತದೆ. ಪ್ರೋಟಾನಿನ ಗಿರಕಿ ಹೆಚ್ಚುವುದೂ ಇಲ್ಲ, ಕುಗ್ಗುವುದೂ ಇಲ್ಲ. ನಿಸರ್ಗವು ಗಿರಕಿಯನ್ನು ಅಳೆಯಲು ಇಟ್ಟಿರುವ ಮಾನದಲ್ಲಿ ಅದು ಯಾವಾಗಲೂ ಅರ್ಧವೇ ಸರಿ. ಕ್ವಾರ್ಕಿನ ಗಿರಕಿಯೂ ಅರ್ಧವೇ.

ಹಾಗಾದರೆ ಪ್ರೋಟಾನಿನ ಗಿರಕಿ ಎಲ್ಲಿಂದ ಬಂತು? ಉತ್ತರ ಸುಲಭವೆಂದೇ ಬಹುಕಾಲ ತೋರಿತ್ತು. ಎರಡು ಕ್ವಾರ್ಕುಗಳ ಗಿರಕಿ ಒಂದು ದಿಕ್ಕಿಗೂ ಮೂರನೆಯದರದು ವಿರುದ್ಧ ದಿಕ್ಕಿಗೂ ಇದ್ದರೆ, ಅರ್ಧಕ್ಕೆ ಅರ್ಧ ಕೂಡಿಸಿ ಅರ್ಧ ಕಳೆದಾಗ ಉಳಿಯುವುದು ಅರ್ಧ. ಲೆಕ್ಕ ಸರಿಹೋಯಿತು. ಕ್ವಾರ್ಕುಗಳ ಚಲನೆಯನ್ನೂ ಗಣನೆಗೆ ತಂದವರು ಅವುಗಳ ಪಾಲನ್ನು ನೂರಕ್ಕೆ ಅರವತ್ತರಷ್ಟೆಂದು ಅಂದಾಜು ಮಾಡಿದ್ದರು. ಆದರೆ ಲೆಕ್ಕ ಸರಿಹೋದ ಮಾತ್ರಕ್ಕೆ ಅದು ನಿಜವೆಂದು ಹೇಳಲಾಗದು, ಅಳೆದು ನೋಡಲೇಬೇಕು.

ಅಳೆಯುವ ವಿಧಾನ ಹೀಗಿದೆ. ತಾಡಿಸುವ ಕಣಗಳ ಗಿರಕಿಯನ್ನೂ ಗುರಿಯಾದ ಪ್ರೋಟಾನುಗಳ ಗಿರಕಿಯನ್ನೂ ಗೊತ್ತಾದ ದಿಕ್ಕಿಗೆ ಸಾಲುಗೂಡಿಸಬೇಕು. ಎರಡೂ ಒಂದೇ ದಿಕ್ಕಿಗಿರುವಾಗ ಎಷ್ಟು ಕಣಗಳು ಚದರಿದವು, ವಿರುದ್ಧ ದಿಕ್ಕಿಗಿರುವಾಗ ಎಷ್ಟು ಚದರಿದವು ಎಂದು ಎಣಿಸಬೇಕು. ಎರಡು ಎಣಿಕೆಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ದೊರೆಯುವ ಸಂಖ್ಯೆಯೇ ಗಿರಕಿಯ ಅಸಮ್ಮಿತಿ. ತನ್ನನ್ನು ತಾಕುವ ಬೆಳಕಿನ ಕಣದ ಗಿರಕಿಗೆ ವಿರುದ್ಧವಾಗಿ ನಿಂತ ಕ್ವಾರ್ಕು ಮಾತ್ರ ಅದನ್ನು ಹೀರಿಕೊಳ್ಳಬಲ್ಲದು. ಆದ್ದರಿಂದ ಎಷ್ಟು ಕ್ವಾರ್ಕುಗಳು ಪ್ರೋಟಾನಿನ ಗಿರಕಿಯ ಕಡೆಗೆ ಮುಖಮಾಡಿವೆ, ಎಷ್ಟು ಬೆನ್ನುಹಾಕಿವೆ ಎಂಬುದನ್ನು ಈ ಒಂದು ಸಂಖ್ಯೆ ತಿಳಿಸುತ್ತದೆ.

ಎಣಿಕೆಯಲ್ಲಿ ಮೋಸ ಹೋಗದಿರಲು ಎರಡು ಎಚ್ಚರಗಳು ಅಗತ್ಯ. ನಾಣ್ಯವನ್ನು ಹತ್ತು ಸಲ ಚಿಮ್ಮಿದಾಗ ಆರು ಸಲ ಒಂದೇ ಮುಖ ಬಿದ್ದರೆ ಅದರಲ್ಲಿ ವಿಶೇಷವಿಲ್ಲ. ಹತ್ತು ಸಾವಿರ ಸಲ ಚಿಮ್ಮಿದಾಗ ಆರು ಸಾವಿರ ಸಲ ಬಿದ್ದರೆ ನಾಣ್ಯದಲ್ಲಿಯೇ ಏನೋ ಇದೆ. ಆದ್ದರಿಂದ ಎಣಿಕೆ ದೊಡ್ಡದಾಗಿರಬೇಕು. ಎರಡನೆಯದಾಗಿ, ದೋಷವು ಕಣದಲ್ಲಿರದೆ ಯಂತ್ರದಲ್ಲಿಯೂ ಇರಬಹುದು. ತಕ್ಕಡಿಯ ಮೇಲೆ ಸಂದೇಹ ಬಂದ ರೈತನು ಕಲ್ಲನ್ನೂ ಸರಕನ್ನೂ ತಟ್ಟೆಯಿಂದ ತಟ್ಟೆಗೆ ಅದಲುಬದಲು ಮಾಡಿ ತೂಗಿಸುತ್ತಾನೆ. ವಿಜ್ಞಾನಿಯೂ ಹಾಗೆಯೇ ಗಿರಕಿಯ ದಿಕ್ಕನ್ನು ಮತ್ತೆ ಮತ್ತೆ ತಿರುಗಿಸುತ್ತಾನೆ. ಗಿರಕಿಯೊಡನೆ ವ್ಯತ್ಯಾಸವೂ ತಿರುಗಿದರೆ ಅದು ನಿಸರ್ಗದ್ದು. ಇದ್ದಲ್ಲಿಯೇ ನಿಂತರೆ ಅದು ಯಂತ್ರದ್ದು.

ಯೂರೋಪಿನ ಸರ್ನ್ ಸಂಶೋಧನಾಲಯದಲ್ಲಿ ಮ್ಯುಆನ್ ಎಂಬ ಕಣಗಳಿಂದ ನಡೆದ ಇಂತಹ ಪ್ರಯೋಗದ ಫಲಿತಾಂಶ 1988ರಲ್ಲಿ ಪ್ರಕಟವಾಯಿತು. ಓದಿದವರು ಬೆರಗಾದರು. ಪ್ರೋಟಾನಿನ ಗಿರಕಿಯಲ್ಲಿ ಕ್ವಾರ್ಕುಗಳ ಗಿರಕಿಯ ಪಾಲು ತೀರ ಅಲ್ಪವಾಗಿತ್ತು. ಅಳತೆಯ ದೋಷಮಿತಿಯೊಳಗೆ ಅದು ಶೂನ್ಯವೇ ಆಗಿರಬಹುದಾಗಿತ್ತು. ವಿಜ್ಞಾನಿಗಳು ಇದನ್ನು ಪ್ರೋಟಾನ್ ಗಿರಕಿಯ ಬಿಕ್ಕಟ್ಟು ಎಂದೇ ಕರೆದರು. ಅನಂತರದ ಹೆಚ್ಚು ನಿಖರವಾದ ಅಳತೆಗಳು ಆ ಪಾಲು ನೂರಕ್ಕೆ ಮೂವತ್ತರ ಆಸುಪಾಸಿನಲ್ಲಿದೆಯೆಂದು ತೋರಿಸಿವೆ. ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ ಗಿರಕಿಯನ್ನು ಸಾಲುಗೂಡಿಸಿದ ಪ್ರೋಟಾನುಗಳನ್ನೇ ಪರಸ್ಪರ ಡಿಕ್ಕಿ ಹೊಡೆಸಿದಾಗ ಗ್ಲೂಆನುಗಳಿಗೂ ಗಣನೀಯ ಪಾಲಿರುವುದು ಕಂಡುಬಂತು. ಉಳಿದುದು ಕ್ವಾರ್ಕು ಮತ್ತು ಗ್ಲೂಆನುಗಳು ಪ್ರೋಟಾನಿನೊಳಗೆ ಸುತ್ತುವ ಚಲನೆಯಿಂದ ಬರಬೇಕು. ಅರ್ಧ, ಅರ್ಧ, ಅರ್ಧಗಳ ಅಚ್ಚುಕಟ್ಟಾದ ಲೆಕ್ಕ ಮುರಿದುಬಿತ್ತು.

ಆ ಸುತ್ತಾಟದ ಸುಳಿವು ಮತ್ತೊಂದು ಬಗೆಯ ಅಸಮ್ಮಿತಿಯಿಂದ ದೊರೆಯಿತು. ಸಾಗುವ ದಾರಿಗೆ ಅಡ್ಡಲಾಗಿ, ಎಂದರೆ ಮೇಲ್ಮುಖವಾಗಿ, ಗಿರಕಿಯನ್ನು ನಿಲ್ಲಿಸಿದ ಪ್ರೋಟಾನುಗಳು ಮತ್ತೊಂದು ಪ್ರೋಟಾನಿಗೆ ಬಡಿದಾಗ ಪಯಾನ್ ಎಂಬ ಕಣಗಳು ಹೊರಚಿಮ್ಮುತ್ತವೆ. ಅವು ಎಡಕ್ಕೂ ಬಲಕ್ಕೂ ಸಮನಾಗಿ ಹೋಗಬೇಕೆಂದು 1978ರ ಒಂದು ಸೈದ್ಧಾಂತಿಕ ಲೆಕ್ಕಾಚಾರ ಹೇಳಿತ್ತು. ಶಕ್ತಿ ಹೆಚ್ಚಿದಂತೆ ಗಿರಕಿಯ ಪ್ರಭಾವ ಅಡಗಿಹೋಗುವುದೆಂದೇ ಅನೇಕರ ನಂಬಿಕೆಯಾಗಿತ್ತು. ಆದರೆ ಅಮೆರಿಕದ ಫರ್ಮಿಲ್ಯಾಬ್‌ನಲ್ಲಿ ನಡೆದು 1991ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮುಂದಕ್ಕೆ ಚಿಮ್ಮಿದ ಪಯಾನುಗಳಲ್ಲಿ ಧನ ಪಯಾನುಗಳು ಎಡಕ್ಕೂ ಋಣ ಪಯಾನುಗಳು ಬಲಕ್ಕೂ ಹೆಚ್ಚಾಗಿ ಹೋದವು. ಅಸಮ್ಮಿತಿ ನೂರಕ್ಕೆ ಮೂವತ್ತನ್ನೂ ಮುಟ್ಟಿತು. ಎಂದರೆ ನೂರು ಧನ ಪಯಾನುಗಳಲ್ಲಿ ಅರವತ್ತೈದು ಎಡಕ್ಕೆ, ಮೂವತ್ತೈದು ಬಲಕ್ಕೆ.

ಇದಕ್ಕೆ ಒಂದು ಕಾರಣವನ್ನು 1990ರಲ್ಲಿ ಡೆನಿಸ್ ಸಿವರ್ಸ್ ಸೂಚಿಸಿದ್ದರು. ಪ್ರೋಟಾನಿನ ಗಿರಕಿ ಮೇಲ್ಮುಖವಾಗಿದ್ದಾಗ ಒಳಗಿನ ಕ್ವಾರ್ಕುಗಳು ಅಡ್ಡಡ್ಡಲಾಗಿ ಒಂದು ಪಕ್ಕಕ್ಕೆ ಹೆಚ್ಚು ಒಲಿದು ಚಲಿಸುತ್ತಿರಬಹುದು ಎಂಬುದೇ ಆ ಸೂಚನೆ. 1993ರಲ್ಲಿ ಜಾನ್ ಕಾಲಿನ್ಸ್ ಎಂಬ ವಿದ್ವಾಂಸರು ಅಂತಹ ಒಲವು ಅಸಾಧ್ಯವೆಂದು ಗಣಿತದಿಂದ ಸಾಧಿಸಿದರು. 2002ರಲ್ಲಿ ಬ್ರಾಡ್‌ಸ್ಕಿ, ಹ್ವಾಂಗ್ ಮತ್ತು ಶ್ಮಿಟ್ ಅದಕ್ಕೆ ಎಡೆಯುಂಟೆಂದು ತೋರಿಸಿದರು. ಹೊರಚಿಮ್ಮುವ ಕ್ವಾರ್ಕನ್ನು ಹಿಂದುಳಿದ ಪ್ರೋಟಾನಿನ ಭಾಗವು ಸೆಳೆಯುತ್ತದೆ. ಆ ಸೆಳೆತವನ್ನು ಹಿಂದಿನ ಸಾಧನೆಯಲ್ಲಿ ಗಣಿಸಿರಲಿಲ್ಲ. ಕಾಲಿನ್ಸ್ ಅವರು ಅದೇ ವರ್ಷ ತಮ್ಮ ಸಾಧನೆಯಲ್ಲಿದ್ದ ದೋಷವನ್ನು ತಾವೇ ಬರೆದು ಪ್ರಕಟಿಸಿ, ಹೊಸ ತಿಳಿವಿನಿಂದ ಮುಂದಿನ ಪರೀಕ್ಷೆಯೊಂದನ್ನೂ ಸೂಚಿಸಿದರು. ಜರ್ಮನಿಯ ಹ್ಯಾಂಬರ್ಗಿನ ಪ್ರಯೋಗವೊಂದರಲ್ಲಿ ಆ ಒಲವು ನಿಜವಾಗಿಯೂ ಕಂಡುಬಂದ ವರದಿ 2005ರಲ್ಲಿ ಹೊರಬಂತು.

ಕ್ವಾರ್ಕಿಗೆ ಇಂತಹ ಒಲವಿದ್ದರೆ ಗ್ಲೂಆನಿಗೂ ಇದೆಯೇ? ಈ ಪ್ರಶ್ನೆಯ ಬೆನ್ನುಹತ್ತಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಗೋಡ್ಬೋಲೆ ಒಬ್ಬರು. 1952ರಲ್ಲಿ ಪುಣೆಯಲ್ಲಿ ಜನಿಸಿದ ಅವರು 1995ರಲ್ಲಿ ಈ ಸಂಸ್ಥೆಯನ್ನು ಸೇರಿದರು. ಮುಂಬಯಿಯ ಅನುರಾಧಾ ಮಿಶ್ರ, ಅಸ್ಮಿತಾ ಮುಖರ್ಜಿ ಮತ್ತು ವೈಭವ್ ರಾವೂತ್ ಅವರೊಡನೆ ಅವರು 2012ರಲ್ಲಿ ಒಂದು ದಾರಿಯನ್ನು ತೋರಿಸಿದರು. ಗಿರಕಿಯನ್ನು ಅಡ್ಡಲಾಗಿ ನಿಲ್ಲಿಸಿದ ಪ್ರೋಟಾನಿಗೆ ಎಲೆಕ್ಟ್ರಾನು ತಾಕಿದಾಗ ಜೆ-ಸೈ ಎಂಬ ಭಾರವಾದ ಕಣ ಹುಟ್ಟಬಹುದು. ಅದು ಹುಟ್ಟುವುದು ಮುಖ್ಯವಾಗಿ ಗ್ಲೂಆನಿನ ಮೂಲಕ. ಆದ್ದರಿಂದ ಜೆ-ಸೈ ಕಣಗಳ ಎಡಬಲಗಳ ಅಸಮ್ಮಿತಿಯನ್ನು ಎಣಿಸಿದರೆ ಗ್ಲೂಆನಿನ ಒಲವು ತಿಳಿದೀತು. ದೊಡ್ಡ ಯಂತ್ರಗಳು ಸಾಗರದಾಚೆ ಇದ್ದರೂ, ಅವುಗಳಿಗೆ ಕೇಳಬೇಕಾದ ಪ್ರಶ್ನೆಗಳು ಬೆಂಗಳೂರಿನ ಮೇಜಿನ ಮೇಲೂ ಹುಟ್ಟಬಲ್ಲವೆಂಬುದಕ್ಕೆ ಇದು ನಿದರ್ಶನ. 2019ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದ ಗೋಡ್ಬೋಲೆ ಅವರು 2024ರ ಅಕ್ಟೋಬರಿನಲ್ಲಿ ನಿಧನರಾದರು. ಭಾರತದ ವಿಜ್ಞಾನ ಕ್ಷೇತ್ರದಲ್ಲಿ ಮಹಿಳೆಯರ ಸ್ಥಾನಕ್ಕಾಗಿಯೂ ಅವರು ದೀರ್ಘಕಾಲ ದುಡಿದರು.

ಇಷ್ಟೆಲ್ಲ ಶ್ರಮ ಏಕೆಂದು ಯಾರಾದರೂ ಕೇಳಬಹುದು. ಇಂದು ಆಸ್ಪತ್ರೆಗಳಲ್ಲಿ ರೋಗಿಯ ಮಿದುಳು, ಬೆನ್ನುಹುರಿಗಳ ಚಿತ್ರ ತೆಗೆಯುವ ಎಂಆರ್‌ಐ ಯಂತ್ರವು ದೇಹದ ನೀರಿನಲ್ಲಿರುವ ಪ್ರೋಟಾನುಗಳ ಗಿರಕಿಯನ್ನೇ ಆಧರಿಸಿ ಕೆಲಸ ಮಾಡುತ್ತದೆ. ಬಲವಾದ ಕಾಂತಕ್ಷೇತ್ರದಲ್ಲಿಯೂ ಒಂದು ದಿಕ್ಕಿಗೆ ನಿಲ್ಲುವ ಪ್ರೋಟಾನುಗಳು ಮತ್ತೊಂದು ದಿಕ್ಕಿನವಕ್ಕಿಂತ ಅತ್ಯಲ್ಪ ಸಂಖ್ಯೆಯಷ್ಟು ಮಾತ್ರ ಹೆಚ್ಚು. ಆ ಚಿಕ್ಕ ವ್ಯತ್ಯಾಸವೇ ಚಿತ್ರವಾಗಿ ಮೂಡಿ ಎಷ್ಟೋ ಜೀವಗಳನ್ನು ಉಳಿಸಿದೆ. ವೈದ್ಯರು ನಿತ್ಯವೂ ನೆಚ್ಚಿಕೊಂಡಿರುವ ಈ ಗಿರಕಿಯ ಮೂಲವಾದರೋ ಇನ್ನೂ ಪೂರ್ಣವಾಗಿ ತಿಳಿದಿಲ್ಲ. ಅದನ್ನು ಹುಡುಕಲು ಬ್ರೂಕ್‌ಹೇವನ್‌ನಲ್ಲಿ ಎಲೆಕ್ಟ್ರಾನುಗಳನ್ನೂ ಪ್ರೋಟಾನುಗಳನ್ನೂ ಡಿಕ್ಕಿ ಹೊಡೆಸುವ ಹೊಸ ಯಂತ್ರದ ಯೋಜನೆ ಸಿದ್ಧವಾಗಿದೆ. ಭಾರತದ ವಿಜ್ಞಾನಿಗಳೂ ಅದರಲ್ಲಿ ಆಸಕ್ತರಾಗಿದ್ದಾರೆ.

ಪ್ರೋಟಾನಿನ ಕಥೆ ಮನಗಾಣಿಸುವ ಸಂಗತಿ ಇದು. ಅಂದವಾದ ಲೆಕ್ಕವೊಂದು ಪುಸ್ತಕಗಳಲ್ಲಿ ನೆಲೆನಿಂತಿತ್ತು. ತಾಳ್ಮೆಯಿಂದ ಎಣಿಸಿದ ಎರಡು ಸಂಖ್ಯೆಗಳ ವ್ಯತ್ಯಾಸ ಅದನ್ನು ಅಲುಗಿಸಿತು. ಆಗ ವಿಜ್ಞಾನಿಗಳು ಎಣಿಕೆಯನ್ನು ಬಚ್ಚಿಡಲಿಲ್ಲ. ಲೆಕ್ಕವನ್ನೇ ತಿದ್ದಲು ಮುಂದಾದರು. ನಿಸರ್ಗದ ಮುಂದೆ ಹಿರಿಯರ ಹೆಸರಾಗಲಿ, ಅಚ್ಚಾದ ಪುಟವಾಗಲಿ ಪ್ರಮಾಣವಲ್ಲ. ನಿಷ್ಠೆಯಿಂದ ಮಾಡಿದ ಅಳತೆಯೇ ಪ್ರಮಾಣ. ಈ ವಿವೇಕವನ್ನು ಕಾಯ್ದುಕೊಂಡವರ ಕೈಯಲ್ಲಿ ಮಾತ್ರ ಅರಿವು ಬೆಳೆಯುತ್ತದೆ.